ಹಳೇ ರೈಫಲ್‌ ಮರಕ್ಕೆ ಅಗಸೆ ಎಣ್ಣೆ: 6 ವರ್ಷ ಬಳಸಿದ ಮೇಲೆ

ಕಳೆದ ವಾರ ನನ್ನ ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೈನ್ಯದ ಹಳೇ ರೈಫಲ್) ಬಿಚ್ಚಿ, ಅದರ ಮರಕ್ಕೆ ಈ ವರ್ಷದ ಅಗಸೆ ಎಣ್ಣೆ ಹಚ್ಚಿದೆ. ಇಡೀ ರೈಫಲ್‌ಗೆ ಒಂದು ಚಮಚ ಎಣ್ಣೆಯೂ ಹಿಡಿಯಲಿಲ್ಲ. 6 ವರ್ಷದ ಹಿಂದೆ ಶುರು ಮಾಡಿದಾಗ ಇದೇ ಮರ ಮೊದಲ ದಿನವೇ ಕಾಲು ಲೋಟದಷ್ಟು ಕುಡಿದಿತ್ತು. ಹಾಗಾಗಿ ಈ ಎಣ್ಣೆ ಬಗ್ಗೆ ಈಗ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ನಾನು ಬಳಸುವುದು ಬಣ್ಣದ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್, ಅಂದರೆ ಕುದಿಸಿದ ಅಗಸೆ ಎಣ್ಣೆ. ಒಂದು ಲೀಟರ್ ಡಬ್ಬಿ. ಹೆಸರಿನಲ್ಲಿ ಬಾಯ್ಲ್ಡ್ ಅಂತಿದ್ದರೂ ಈಗ ಸಿಗುವುದು ಬರೀ ಕುದಿಸಿದ ಎಣ್ಣೆಯಲ್ಲ. ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಸೇರಿಸಿರುತ್ತಾರೆ. ತಿನ್ನುವ ಅಗಸೆ ಎಣ್ಣೆ ಬೇರೆ, ಇದು ಬೇರೆ. ಬ್ರಿಟಿಷ್ ಸೈನ್ಯದ ರೈಫಲ್‌ಗಳ ಮರಕ್ಕೆ ಹಿಂದೆ ಹಾಕುತ್ತಿದ್ದದ್ದು ಹಸಿ ಅಗಸೆ ಎಣ್ಣೆ. ಅದೂ ಒಳ್ಳೆಯದೇ, ಆದರೆ ಒಂದು ಕೋಟ್ ಒಣಗುವುದಕ್ಕೆ ದಿನಗಟ್ಟಲೆ ಕಾಯಬೇಕು. ತೇವ ಇರುವ ಜಾಗದಲ್ಲಿ ಅದರ ಮೇಲೆ ಬೂಷ್ಟು ಕೂಡ ಬರುತ್ತದೆ.

ನನ್ನ ರೈಫಲ್ 1907ರಲ್ಲಿ ಬಂದ ಮಾರ್ಕ್ 3 ಮಾದರಿಯದು. ವಾಲ್‌ನಟ್ ಮರ. ನನ್ನ ಕೈಗೆ ಬಂದಾಗ ಬಟ್, ಅಂದರೆ ಭುಜಕ್ಕೆ ಒತ್ತುವ ಹಿಂಬದಿಯ ಮರ, ಬೂದು ಬಣ್ಣಕ್ಕೆ ತಿರುಗಿ ಒಣಗಿತ್ತು. ಬೋಲ್ಟ್ (ಗುಂಡನ್ನು ಒಳಗೆ ತಳ್ಳುವ, ಹಿಂದೆ ಮುಂದೆ ಸರಿಯುವ ಭಾಗ) ಹತ್ತಿರದ ಮರ ಮಾತ್ರ ವರ್ಷಗಟ್ಟಲೆ ಸೋರಿದ ಮೆಷಿನ್ ಎಣ್ಣೆಯಿಂದ ಕಪ್ಪಗೆ, ಅಂಟಂಟಾಗಿತ್ತು. ಅಂಥ ಮರದ ಮೇಲೆ ಅಗಸೆ ಎಣ್ಣೆ ಕೂರುವುದಿಲ್ಲ. ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಬಳಿದು ಬಿಟ್ಟರೆ, ಒಣಗುತ್ತಾ ಹಳೇ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಿಳಿ ಲೇಪ ಕಂದು ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಕೆರೆದು ಮತ್ತೆ ಬಳಿಯಬೇಕು. ನಾನು 5 ಸಲ ಮಾಡಿದೆ.

ಬಿಚ್ಚುವ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಎಷ್ಟೋ ಒಳ್ಳೆ ಮರ ಒಡೆಯುವುದು ಇಲ್ಲೇ. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಬೋಲ್ಟ್ ಹೊರಗೆ ತೆಗೆದಿಡಿ. ಆಮೇಲೆ ಮುಂಭಾಗದ ಮರ, ಅಂದರೆ ಫೋರ್‌ಎಂಡ್ ಮೊದಲು ಬಿಚ್ಚಬೇಕು. ಬಟ್ ಅನ್ನು ಹಿಡಿದಿರುವ ಇನ್ನೊಂದು ಉದ್ದನೆ ಬೋಲ್ಟ್‌ನ (ಇದು ಸ್ಕ್ರೂ ಥರದ್ದು, ಹೊರಗೆ ತೆಗೆದಿಟ್ಟ ಬೋಲ್ಟ್ ಅಲ್ಲ) ಚೌಕಾಕಾರದ ತುದಿ, ಫೋರ್‌ಎಂಡ್‌ನ ಹಿಂಬದಿಯಲ್ಲಿರುವ ಸಣ್ಣ ತಗಡಿನೊಳಗೆ ಕೂತಿರುತ್ತದೆ. ಫೋರ್‌ಎಂಡ್ ಇರುವಾಗಲೇ ಆ ಬೋಲ್ಟ್ ತಿರುಗಿಸಿದರೆ ಚೌಕ ತುದಿ ಮರವನ್ನು ಸೀಳಿಬಿಡುತ್ತದೆ. ನೂರು ವರ್ಷ ಉಳಿದ ಮರ ಒಂದೇ ತಿರುವಿಗೆ ಹೋಗುತ್ತದೆ. ಸ್ಕ್ರೂಡ್ರೈವರ್ ಕೂಡ ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವಂಥದ್ದೇ ಬೇಕು. ಮನೆಯಲ್ಲಿರುವ ಸಾಮಾನ್ಯ ಸ್ಕ್ರೂಡ್ರೈವರ್‌ನ ತುದಿ ಓರೆಯಾಗಿರುವುದರಿಂದ ಅದು ಜಾರಿ ಮರವನ್ನೂ ಸ್ಕ್ರೂವನ್ನೂ ಕೆಡಿಸುತ್ತದೆ.

ಮರದಲ್ಲಿ ತಗ್ಗುಗಳಿದ್ದರೆ ಉಪ್ಪುಕಾಗದ ಹಿಡಿಯುವ ಮೊದಲು ಆವಿ ಕೊಟ್ಟು ನೋಡಿ. ಒದ್ದೆ ಹತ್ತಿಬಟ್ಟೆ ಇಟ್ಟು ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ, ಅದುಮಿ ಹೋದ ನಾರು ನೀರು ಕುಡಿದು ಉಬ್ಬಿ ಮೇಲೆ ಬರುತ್ತದೆ. ನನ್ನ ಬಟ್‌ನ ಎಡಬದಿಯಲ್ಲಿ ಕಾಳಿನಷ್ಟು ಆಳದ ತಗ್ಗು ಇತ್ತು. ಚುಯ್ ಅಂತ ಆವಿ ಎದ್ದು, ಮೂರನೇ ಸಲಕ್ಕೆ ಬೆರಳಿಗೆ ಸಿಗದಷ್ಟು ಸಮವಾಯಿತು. ನಾರು ಕತ್ತರಿಸಿ ಹೋದ ಕಡೆ ಮಾತ್ರ ಇದು ಕೆಲಸ ಮಾಡುವುದಿಲ್ಲ.

ಉಪ್ಪುಕಾಗದವನ್ನು ನಾನು ಈ ರೈಫಲ್‌ಗೆ ಹೆಚ್ಚುಕಮ್ಮಿ ಬಳಸಲೇ ಇಲ್ಲ. ಬಟ್ ಮೇಲಿರುವ ಸಣ್ಣ ಸಣ್ಣ ತಪಾಸಣೆ ಮುದ್ರೆಗಳು ಒಂದು ಸಲ ಉಜ್ಜಿ ಹೋದರೆ ಮತ್ತೆ ಬರುವುದಿಲ್ಲ. ಮರದ ಜೊತೆ ಹಿತ್ತಾಳೆಯ ಬಟ್‌ಪ್ಲೇಟ್ ಒಂದೇ ಸಮಕ್ಕೆ ಕೂತಿರುತ್ತದೆ, ಮರ ಉಜ್ಜಿದರೆ ಪ್ಲೇಟ್ ಅಂಚು ಎದ್ದು ನಿಲ್ಲುತ್ತದೆ. ಪೂರ್ತಿ ಅಸಲಿಯಾಗಿ ಉಳಿದಿರುವ ರೈಫಲ್ ಅನ್ನು ಕತ್ತರಿಸುವುದು, ಟೆಲಿಸ್ಕೋಪ್‌ಗಾಗಿ ತೂತು ಕೊರೆಯುವುದು ನನಗೆ ಇಷ್ಟವಿಲ್ಲ. ಕಸ್ಟಮ್ ಕೆಲಸದ ಆಸೆಗೆ ನನ್ನ ಹತ್ತಿರ ಒಂದು ಮೌಸರ್ 98 ಇದೆ, ಜರ್ಮನ್ ಮಾದರಿಯ ರೈಫಲ್. ಅದನ್ನು ಯಾರೋ ಮೊದಲೇ ಕತ್ತರಿಸಿ ಬೇಟೆ ರೈಫಲ್ ಮಾಡಿದ್ದರು. ಅದರಲ್ಲಿ ಹೊಸ ಮರ ಕೂರಿಸಿ ಮನಸ್ಸಿಗೆ ಬಂದಂತೆ ಕೆಲಸ ಮಾಡಿದ್ದೇನೆ.

ಈಗ ಎಣ್ಣೆ. ಮರಗೆಲಸದವರಲ್ಲಿ ಒಂದು ಹಳೇ ಲೆಕ್ಕ ಇದೆ: ಒಂದು ವಾರ ದಿನಕ್ಕೊಂದು ಸಲ, ಒಂದು ತಿಂಗಳು ವಾರಕ್ಕೊಂದು ಸಲ, ಒಂದು ವರ್ಷ ತಿಂಗಳಿಗೊಂದು ಸಲ, ಆಮೇಲೆ ವರ್ಷಕ್ಕೊಂದು ಸಲ. ನಾನು ಅದನ್ನೇ ಪಾಲಿಸಿದೆ. ನಾಲ್ಕೈದು ಹನಿ ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ಉಜ್ಜಬೇಕು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನೆಲ್ಲ ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ಈ ಒರೆಸುವುದೇ ಮುಖ್ಯ. ಮೊದಲ ವಾರ ನಾನು ಬೇಗ ಹೊಳಪು ಬರಲಿ ಅಂತ ದಪ್ಪಗೆ ಬಳಿದು ಹಾಗೇ ಬಿಟ್ಟಿದ್ದೆ. ನಾಲ್ಕು ದಿನವಾದರೂ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಧೂಳು, ಬಟ್ಟೆಯ ಎಳೆ, ನನ್ನ ಹೆಬ್ಬೆರಳಿನ ಗುರುತು ಎಲ್ಲ ಅದರಲ್ಲೇ ಕೂತವು. ಟರ್ಪೆಂಟೈನ್ ಮತ್ತು ತೀರಾ ನುಣುಪಾದ ಸ್ಟೀಲ್ ವುಲ್ ಹಿಡಿದು ಎಲ್ಲ ತೆಗೆದು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಒಳಭಾಗವನ್ನು ಮರೆಯಬೇಡಿ. ಬಟ್‌ಪ್ಲೇಟ್ ಕೆಳಗಿನ ಮರದ ಕೊನೆ, ಸ್ಕ್ರೂ ತೂತುಗಳು, ನಳಿಗೆ ಕೂರುವ ಕಾಲುವೆ, ಇವು ಹೊರಮೈಗಿಂತ ಜಾಸ್ತಿ ತೇವ ಎಳೆದುಕೊಳ್ಳುತ್ತವೆ. ಮೌಸರ್‌ನಲ್ಲಿ ನಾನು ಕಾಲುವೆಗೆ ಎಣ್ಣೆ ಹಚ್ಚದೆ ಬಿಟ್ಟಿದ್ದೆ. ಬೇಸಿಗೆಯಲ್ಲಿ ನಳಿಗೆಗೂ ಮರಕ್ಕೂ ನಡುವೆ ಒಂದು ಹಾಳೆ ಕಾಗದ ಸಲೀಸಾಗಿ ಓಡುತ್ತಿತ್ತು. ಮಳೆಗಾಲದಲ್ಲಿ ಅರ್ಧ ದಾರಿಯಲ್ಲೇ ಸಿಕ್ಕಿಹಾಕಿಕೊಂಡಿತು. ಮರ ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತುತ್ತಿತ್ತು, ಗುರಿಯೂ ಸರಿದಿತ್ತು. ಕಾಲುವೆಗೆ ಎಣ್ಣೆ ಕುಡಿಸಿದ ಮೇಲೆ ಆ ತೊಂದರೆ ತುಂಬಾ ಕಡಿಮೆಯಾಗಿದೆ. ಅಂದ ಹಾಗೆ, ಲೀ-ಎನ್‌ಫೀಲ್ಡ್‌ನಲ್ಲಿ ನಳಿಗೆ ಮರಕ್ಕೆ ಎಲ್ಲೂ ತಾಗದಂತೆ ಬಿಡಿಸಲು ಹೋಗಬೇಡಿ. ಅದರ ಮರ ಕೆಲವು ಕಡೆ ಒತ್ತಿ ಕೂರಬೇಕು ಅಂತಲೇ ಮಾಡಿರುವುದು.

ಅಗಸೆ ಎಣ್ಣೆಯ ದೊಡ್ಡ ಕೊರತೆ ಅಂದರೆ ಅದು ನೀರನ್ನು ಅಷ್ಟಾಗಿ ತಡೆಯುವುದಿಲ್ಲ. ಮಳೆಯಲ್ಲಿ ನೆನೆದರೆ ಬಿಳಿ ಕಲೆ ಬರುತ್ತದೆ. ಮೌಸರ್‌ಗೆ ನಾನು ಶುದ್ಧ ಟಂಗ್ ಎಣ್ಣೆ (ಟಂಗ್ ಮರದ ಬೀಜದ ಎಣ್ಣೆ) ಹಾಕಿದ್ದೇನೆ, ನೀರಿನ ವಿಷಯದಲ್ಲಿ ಅದು ನಿಜವಾಗಿಯೂ ಮೇಲು. ಬಣ್ಣವೂ ಅಷ್ಟು ಹಳದಿಯಾಗುವುದಿಲ್ಲ. ಆದರೆ ಒಣಗುವುದು ಇನ್ನೂ ನಿಧಾನ. ಟಂಗ್ ಆಯಿಲ್ ಫಿನಿಶ್ ಅಂತ ಮಾರುವ ಎಷ್ಟೋ ಡಬ್ಬಿಗಳಲ್ಲಿ ಇರುವುದು ವಾರ್ನಿಶ್ ಬೆರೆಸಿದ್ದು, ಹಿಂಬದಿ ಓದಿ ತೆಗೆದುಕೊಳ್ಳಿ. ಹಾಗಿದ್ದೂ ಹಳೇ ಸೈನಿಕ ರೈಫಲ್‌ಗೆ ನಾನು ಅಗಸೆ ಎಣ್ಣೆಯನ್ನೇ ಆರಿಸುತ್ತೇನೆ. ಗೀರು ಬಿದ್ದರೆ ಅಲ್ಲಿಗಷ್ಟೇ ಎರಡು ಹನಿ ಉಜ್ಜಿದರೆ ಸಾಕು. ವಾರ್ನಿಶ್ ಆಗಿದ್ದರೆ ಪೂರ್ತಿ ಕೆರೆಯಬೇಕಿತ್ತು, ಅಲ್ವಾ?

ಇದೊಂದು ಎಚ್ಚರಿಕೆ ದಯವಿಟ್ಟು ಓದಿ. ಅಗಸೆ ಎಣ್ಣೆ ನೀರಿನ ಹಾಗೆ ಆರುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಉಳಿದು ತಾನಾಗಿಯೇ ಬೆಂಕಿ ಹತ್ತಬಹುದು. ನಾನೊಮ್ಮೆ ಮರೆತು ಬಿಟ್ಟ ಬಟ್ಟೆ ಉಂಡೆಯನ್ನು ಎರಡು ಗಂಟೆ ಬಿಟ್ಟು ಎತ್ತಿದರೆ, ಒಳಗಿನ ಮಡಿಕೆ ಕೈಗೆ ಚುರುಕ್ ಅಂತು. ಅವತ್ತಿನಿಂದ ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸುತ್ತೇನೆ, ಇಲ್ಲವೇ ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡುತ್ತೇನೆ.

ನಾನು ಮನೆಯಲ್ಲಿ ಮುಟ್ಟುವುದು ಲೈಸೆನ್ಸ್ ಇರುವ ನನ್ನ ರೈಫಲ್‌ಗಳ ಮರ, ಸ್ಕ್ರೂ, ಸ್ವಚ್ಛತೆ ಇಷ್ಟನ್ನೇ. ಬೋಲ್ಟ್, ಗುಂಡು ಕೂರುವ ಚೇಂಬರ್, ಟ್ರಿಗರ್ ಕೆಲಸ ನುರಿತ ಗನ್‌ಸ್ಮಿತ್‌ಗೆ ಬಿಟ್ಟಿದ್ದು. ಹಳೇ ರೈಫಲ್‌ನಲ್ಲಿ ಗುಂಡು ಹಾರಿಸುವ ಮುನ್ನ ಗೇಜ್ ಇಟ್ಟು ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟ್ ಮುಂದೆ ಗುಂಡಿಗೆ ಸಿಗುವ ಜಾಗದ ಅಳತೆ, ನೋಡಿಸಲೇಬೇಕು.

ಡಬ್ಬಿಯ ಬಗ್ಗೆ ಒಂದು ದೂರು ಇದೆ. ಅರ್ಧ ಖಾಲಿಯಾದ ಮೇಲೆ ಒಳಗಿನ ಗಾಳಿಗೇ ಎಣ್ಣೆ ಕೆನೆಗಟ್ಟುತ್ತದೆ. ಮೊದಲ ಡಬ್ಬಿಯಲ್ಲಿ ಕಾಲು ಭಾಗ ಹಾಗೇ ಹಾಳಾಯಿತು. ಎರಡನೇ ಡಬ್ಬಿ ಒಡೆದ ದಿನವೇ ಸಣ್ಣ ಗಾಜಿನ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿಸಿಟ್ಟೆ. ಬಳಸುತ್ತಿರುವ ಬಾಟಲಿಯಲ್ಲಿ ಮಟ್ಟ ಇಳಿದಂತೆಲ್ಲ ಗಾಜಿನ ಗೋಲಿ ಹಾಕುತ್ತೇನೆ, ಎಣ್ಣೆ ಮತ್ತೆ ಕತ್ತಿಗೆ ಬರುತ್ತದೆ. ಹೋದ ವಾರ ತೆಗೆದ ಬಾಟಲಿಯಲ್ಲಿ 11 ಗೋಲಿ ಇದ್ದವು. ಎಣ್ಣೆ ಇನ್ನೂ ಜೇನಿನ ಬಣ್ಣಕ್ಕೇ ಇತ್ತು, ತೆಳ್ಳಗೇ ಸುರಿಯಿತು.