ಚೀನೀ ವಾದ್ಯಗಳ ಬ್ಯಾಗ್ರೌಂಡ್ ಮ್ಯೂಸಿಕ್ ಪ್ಯಾಕ್: ಗುಚಿನ್‌ಗೋಸ್ಕರ ತಗೊಳ್ಳಿ, ಅರ್ಹು ನಂಬ್ಕೋಬೇಡಿ

ಮೂರು ತಿಂಗಳಿಂದ ಈ ಪ್ಯಾಕ್ ಯೂಸ್ ಮಾಡ್ತಿದೀನಿ, ಈಗ ಬರೆದ್ರೆ ಸರಿ ಅನ್ನಿಸ್ತು. ಒಟ್ಟು 24 ಟ್ರ್ಯಾಕ್, ಎಲ್ಲಾ ಚೀನಾದ ಸಾಂಪ್ರದಾಯಿಕ ವಾದ್ಯಗಳದ್ದೇ, ಹಾಡು ಮಾತು ಏನೂ ಇಲ್ಲ, ವಿಡಿಯೋಗೆ ಹಾಕ್ಕೊಳ್ಳೋ ಲೈಸೆನ್ಸ್ ಜೊತೆಗೇ ಬರತ್ತೆ. ನಾನು ಎರಡು ಕಡೆ ಬಳಸ್ತೀನಿ, ಒಂದು ನಾನು ಎಡಿಟ್ ಮಾಡೋ ವಿಡಿಯೋಗಳಲ್ಲಿ ಮಾತಿನ ಹಿಂದೆ, ಇನ್ನೊಂದು ರಾತ್ರಿ ಓದೋಕೆ ಕೂತಾಗ ಸಣ್ಣ ವಾಲ್ಯೂಮಲ್ಲಿ.

ಗುಚಿನ್ ಬಗ್ಗೆನೇ ಮೊದಲು ಹೇಳ್ಬೇಕು, ಮಲಗಿಸಿಟ್ಟು ಮೀಟಿ ನುಡಿಸೋ ತಂತಿ ವಾದ್ಯ, ಇಡೀ ಪ್ಯಾಕಿನ ಜೀವ ಅದೇ. ಏಳು ತಂತಿ, ವೀಣೆಗಿರೋ ಥರ ಮೆಟ್ಟಿಲುಗಳಿಲ್ಲ, ಮರದ ಮೇಲೆ ಒಂದು ಸಾಲಲ್ಲಿ 13 ಪುಟ್ಟ ಚುಕ್ಕೆ ಕೂರ್ಸಿರ್ತಾರೆ, ಬೆರಳಿಗೆ ಅದೇ ಗುರುತು. ಬಲಗೈಲಿ ಒಂದ್ಸಲ ಮೀಟಿ ಎಡಗೈ ಬೆರಳನ್ನ ತಂತಿ ಮೇಲೆ ಜಾರಿಸ್ಕೊಂಡು ಹೋಗ್ತಾರೆ, ನಾದ ಕರಗಿ ಹೋದ್ಮೇಲೂ ಬೆರಳು ಜಾರ್ತಾನೇ ಇರತ್ತೆ, ಆಗ ಸ್ವರಕ್ಕಿಂತ ಚರ್ಮ ತಂತಿಗೆ ಉಜ್ಜೋ ಸದ್ದೇ ಜಾಸ್ತಿ ಕೇಳ್ಸತ್ತೆ. ಮೂರನೇ ಟ್ರ್ಯಾಕಲ್ಲಿ ಒಂದು ನಿಮಿಷ ಆಗ್ತಿದ್ದಂಗೆ ಇದು ಬರತ್ತೆ, ಮೊದಲ ಸಲ ಹೆಡ್‌ಫೋನಲ್ಲಿ ಕೇಳ್ದಾಗ ಫೈಲಲ್ಲೇ ಏನೋ ನಾಯ್ಸ್ ಸೇರ್ಕೊಂಡಿದೆ ಅಂದ್ಕೊಂಡಿದ್ದೆ. ಅದನ್ನ ಅಳಿಸ್ದೆ ಹಾಗೇ ಬಿಟ್ಟಿದ್ದಾರಲ್ಲ, ಅದಕ್ಕೇ ಯಾರೋ ಪಕ್ಕದಲ್ಲೇ ಕೂತು ನುಡಿಸ್ತಿದ್ದಾರೆ ಅನ್ಸತ್ತೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ಲೇಪದ ರೆಕಾರ್ಡಲ್ಲೂ ಚೀನಾದ ಪರವಾಗಿ ಇರೋದು ಇದೇ ವಾದ್ಯ, ನುಡಿಸಿರೋದು ಗುವಾನ್ ಪಿಂಗ್‌ಹು, ಏಳು ನಿಮಿಷಕ್ಕೂ ಜಾಸ್ತಿ ಇದೆ, ಅದನ್ನ ಒಂದ್ಸಲ ಕೇಳಿ, ನಾನು ಹೇಳ್ತಿರೋ ಸದ್ದು ಯಾವ್ದು ಅಂತ ಗೊತ್ತಾಗತ್ತೆ.

ಇನ್ನೊಂದು ವಿಷ್ಯ, ಗುಚಿನ್ ಹಿಂದಿನಿಂದಲೂ ದೊಡ್ಡ ಸಭೆಗೆ ನುಡಿಸೋ ವಾದ್ಯ ಅಲ್ಲ, ವಿದ್ವಾಂಸರು ತಮಗೋಸ್ಕರ, ಹೆಚ್ಚಂದ್ರೆ ಒಬ್ಬಿಬ್ರು ಸ್ನೇಹಿತರಿಗೋಸ್ಕರ ನುಡಿಸ್ತಿದ್ರು. ದನಿಯೇ ಸಣ್ಣದು. ಅದಕ್ಕೇ ಮಾತಿನ ಹಿಂದೆ ಇಷ್ಟು ಚೆನ್ನಾಗಿ ಕೂರೋದು, ಎರಡು ಮೀಟಿನ ಮಧ್ಯೆ ಇರೋ ಜಾಗದಲ್ಲಿ ಒಂದು ಇಡೀ ವಾಕ್ಯ ಹೇಳಿ ಮುಗಿಸ್ಬೋದು.

ಬೇಜಾರಾಗಿದ್ದು ಏನಂದ್ರೆ 9 ಮತ್ತು 10ನೇ ಟ್ರ್ಯಾಕಿಗೆ ಗುಚಿನ್ ಅಂತ ಹೆಸರು ಹಾಕಿದ್ದಾರೆ, ಅದು ಗುಝೆಂಗ್! ಗುಝೆಂಗಿಗೆ ಈಗ ಸಾಮಾನ್ಯವಾಗಿ 21 ತಂತಿ, ಒಂದೊಂದು ತಂತಿ ಕೆಳಗೂ ಅದನ್ನ ಎತ್ತಿ ಹಿಡಿಯೋ, ಸರಿಸೋಕೆ ಬರೋ ಪುಟ್ಟ ಆಸರೆ (ಕುದುರೆ ಅಂತಾರಲ್ಲ, ಅದು), ಬೆರಳುಗಳಿಗೆ ಟೇಪ್ ಸುತ್ತಿ ನಕಲಿ ಉಗುರು ಕಟ್ಕೊಂಡು ನುಡಿಸ್ತಾರೆ, ಸ್ವರಗಳು ಝರಿ ಥರ ಸುರಿಯತ್ತೆ. ಕೇಳೋಕೆ ಚೆಂದಾನೇ, ಹಾಗಂತ ಬೇರೆ ಹೆಸರಲ್ಲಿ ಕೊಡ್ಬಾರ್ದಲ್ವಾ, ನುಡಿಸಿದೋರಿಗೂ ಅದು ಅವಮಾನ. ಮೇಲ್ ಹಾಕಿದೆ, ಥ್ಯಾಂಕ್ಸ್ ಅಂತ ಉತ್ತರ ಬಂತು, ಹೆಸರು ಮಾತ್ರ ಇನ್ನೂ ಬದಲಾಗಿಲ್ಲ.

ಅರ್ಹು ಟ್ರ್ಯಾಕುಗಳು ನಂಗೆ ಹಿಡಿಸ್ಲೇ ಇಲ್ಲ. ಅರ್ಹುಗೆ ಎರಡೇ ತಂತಿ, ಕಮಾನಿನ ಕೂದಲು ಆ ಎರಡು ತಂತಿಗಳ ಮಧ್ಯೆನೇ ಸಿಕ್ಕಿರತ್ತೆ, ತಂತಿ ಕೆಳಗೆ ಹಲಗೆ ಇಲ್ಲ, ಬೆರಳು ಗಾಳೀಲೇ ತಂತಿ ಒತ್ತತ್ತೆ, ಅದಕ್ಕೇ ಆ ಜಾರು, ಆ ಅಳು. ಇಲ್ಲಿರೋದು ಕೀಬೋರ್ಡಲ್ಲಿ ಒತ್ತಿದ ಸ್ಯಾಂಪಲ್ ಅಂತ ಕಿವಿಗೇ ಗೊತ್ತಾಗತ್ತೆ, ಪ್ರತಿ ಸ್ವರ ಒಂದೇ ಥರ ಶುರು, ಒಂದೇ ಥರ ನಡುಕ, ಒಂದರಿಂದ ಇನ್ನೊಂದಕ್ಕೆ ಜಾರೋದೇ ಇಲ್ಲ. ನಿಜವಾದ ಅರ್ಹುನೇ ಇದ್ರೂ ಮಾತಿನ ಹಿಂದೆ ಹಾಕೋವಾಗ ಯೋಚ್ನೆ ಮಾಡಿ, ಅದರ ದನಿ ಮನುಷ್ಯರ ದನಿಗೆ ತುಂಬಾ ಹತ್ರ, ಒಂದು ವಿಡಿಯೋಲಿ ವಾಲ್ಯೂಮ್ ಇಳಿಸಿ ಇಳಿಸಿ ನೋಡ್ದೆ, ಇಬ್ರು ಒಟ್ಟಿಗೆ ಮಾತಾಡ್ತಿದ್ದಾರೆ ಅನ್ನೋ ಹಾಗೇ ಕೇಳ್ತಿತ್ತು, ಕೊನೆಗೆ ತೆಗೆದೇ ಹಾಕ್ದೆ.

ಕೊಳಲುಗಳು ಚೆನ್ನಾಗಿವೆ. ಡೀಝಿ ಅಂದ್ರೆ ಅಡ್ಡ ಹಿಡಿದು ಊದೋ ಬಿದಿರ ಕೊಳಲು, ಅದರಲ್ಲಿ ಒಂದು ತೂತಿನ ಮೇಲೆ ಜೊಂಡಿನ ಒಳಗಿನ ತೆಳು ಪೊರೆ ಅಂಟಿಸಿರ್ತಾರೆ, ಅದು ಅದುರೋದ್ರಿಂದ ಆ ಝುಂ ಅನ್ನೋ ಹೊಳಪು. ಬೆಳಗಿನ ದೃಶ್ಯಗಳಿಗೆ ಸಕ್ಕತ್ತಾಗಿ ಒಪ್ಪತ್ತೆ. ಶಿಯಾವ್ ಕೊಳಲನ್ನ ಉದ್ದಕ್ಕೆ ಹಿಡಿದು ತುದೀಲಿ ಊದ್ತಾರೆ, ಪೊರೆ ಇಲ್ಲ, ಉಸಿರು ತುಂಬಿದ ತಗ್ಗು ದನಿ, ನಾನು ಓದೋವಾಗ ಹಾಕ್ಕೊಳ್ಳೋದು 17ನೇ ಟ್ರ್ಯಾಕಿನ ಶಿಯಾವ್ ಮಾತ್ರ. ಪೀಪಾ ಅಂದ್ರೆ ನೆಟ್ಟಗೆ ಹಿಡಿದು ಮೀಟೋ ನಾಲ್ಕು ತಂತಿ ವಾದ್ಯ, ಅದರ ಟ್ರ್ಯಾಕುಗಳು ಜೋರು, ಐದೂ ಬೆರಳು ಉರುಳಿಸಿ ನುಡಿಸೋದು ಕೇಳಿದ್ರೆ ಪುಸ್ತಕ ಮುಚ್ಚಿಟ್ಟು ಅದನ್ನೇ ಕೇಳ್ಬೇಕು ಅನ್ಸತ್ತೆ. ಸುವೊನಾ ಸೇರ್ಸಿಲ್ಲ, ಒಳ್ಳೇದಾಯ್ತು, ಅದು ಮದುವೆ ಮೆರವಣಿಗೆ, ಶವಯಾತ್ರೆಗಳಲ್ಲಿ ಬಯಲಲ್ಲಿ ಊದೋ ಜೋರು ದನಿಯ ವಾದ್ಯ.

ಎಡಿಟ್ ಮಾಡೋರಿಗೆ ಒಂದು ಅನುಕೂಲ ಇದೆ, ಹೆಚ್ಚಿನ ಟ್ರ್ಯಾಕುಗಳು ಐದೇ ಸ್ವರದ್ದು, ಎಷ್ಟೋ ಕಡೆ ಮೋಹನ ರಾಗ ಕೇಳಿದಂಗೇ ಇರತ್ತೆ. ಪಕ್ಕಪಕ್ಕದ ಅರ್ಧ ಸ್ವರಗಳ ತಿಕ್ಕಾಟ ಇಲ್ಲದೆ ಇರೋದ್ರಿಂದ ಒಂದೇ ಶ್ರುತಿಯ ಎರಡು ಟ್ರ್ಯಾಕನ್ನ ಒಂದರೊಳಗೊಂದು ಕರಗಿಸಿದ್ರೆ ಅಪಸ್ವರ ಆಗೋದು ಕಮ್ಮಿ.

ಲೂಪ್ ವರ್ಷನ್ ಬಳಸ್ಬೇಡಿ. ಗುಚಿನಿನ ಕೊನೇ ಮೀಟು ಪೂರ್ತಿ ಆರೋ ಮುಂಚೆನೇ ಕತ್ತರಿಸಿ ಮತ್ತೆ ಮೊದಲಿಗೆ ಹೋಗ್ಬಿಡತ್ತೆ. ಪೂರ್ತಿ ಫೈಲ್ ತಗೊಂಡು, ಕೊನೇ ನಾದ ತಾನಾಗೇ ಆರೋವರೆಗೂ ಬಿಟ್ಟು, ಆಮೇಲೆ ನೀವೇ ಜೋಡಿಸ್ಕೊಳ್ಳಿ.