ಹಳೆಯ ಇಕ್ಕಳದ ಗುಟ್ಟು ಬಿಟ್ಟುಕೊಟ್ಟ ಅಂಕಿಗಳು

ಹಳೆಯ ಸಾಮಾನುಗಳ ನಡುವೆ ಆರಿಸಿ ಕೊಂಡ ಈ ಇಕ್ಕಳದಂಥ ಉಪಕರಣದ ಬಾಯಿ ಏನನ್ನೂ ಹಿಡಿಯುವಂತಿರಲಿಲ್ಲ. ಹಿಡಿಯನ್ನು ಒತ್ತಿದಾಗ ಉಕ್ಕಿನ ಸಣ್ಣ ಕಡ್ಡಿಯೊಂದು ಮುಂದೆ ಬಂದು, ಅಂಚಿನಲ್ಲಿ 4ರಿಂದ 12ರವರೆಗೆ ಅಂಕಿಗಳನ್ನು ಕೆತ್ತಿದ್ದ ತಿರುಗುವ ಬಿಲ್ಲೆಗೆ ತಾಗುತ್ತಿತ್ತು. ಆ ಅಂಕಿಗಳೇ ಸುಳಿವಾದವು. ಗರಗಸದ ಒಂದು ಅಂಗುಲದಲ್ಲಿ ಎಷ್ಟು ಹಲ್ಲಿನ ಮೊನೆಗಳಿವೆ ಎಂಬುದನ್ನು ಅವು ಸೂಚಿಸುತ್ತವೆ. ಅಂದರೆ ಇದು ಕೈಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಎಂಬಂತೆ ಬಾಗಿಸಿ, ಕೊಯ್ಯುವಾಗ ಮರದಲ್ಲಾಗುವ ಸೀಳು ಅಲಗಿಗಿಂತ ತುಸು ಅಗಲವಾಗುವಂತೆ ‘ಸೆಟ್’ ಕೊಡುವ ಸಾಧನ. ಹಲ್ಲಿನ ಮೇಲ್ಭಾಗವನ್ನಷ್ಟೇ ಬಾಗಿಸಬೇಕು, ಬುಡದಿಂದ ಬಾಗಿಸಿದರೆ ಮುರಿಯಬಹುದು. ಮರದಲ್ಲಿ ಸಿಕ್ಕಿಕೊಳ್ಳುತ್ತಿದ್ದ ನನ್ನ ಗರಗಸ ಈಗ ಸರಾಗವಾಗಿ ಓಡುತ್ತಿರುವುದರಿಂದ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕೊಳ್ಳುವವರು ಕಡ್ಡಿಯ ತುದಿ ಸವೆದಿಲ್ಲವೆಂದು ಮೊದಲು ನೋಡಿಕೊಳ್ಳಬೇಕು.