ಸೆಕೆಂಡ್ ಹ್ಯಾಂಡ್ ಕಾರಿಗೆ ಯಾವ ಬ್ರೇಕ್ ಪ್ಯಾಡ್, ಡಿಸ್ಕ್ ಹೊಸದೇ ಬೇಕೆ?

ಕಲಬುರಗಿ ಊರೊಳಗಿನ ಓಡಾಟಕ್ಕೆ ಆರ್ಗ್ಯಾನಿಕ್ (ನಾರು, ಅಂಟು ಬೆರೆಸಿ ಮಾಡಿದ) ಪ್ಯಾಡ್ ಸಾಕು: ಅಗ್ಗ, ಸದ್ದು ಕಮ್ಮಿ, ಆದರೆ ಬೇಗ ಸವೆಯುತ್ತದೆ. ಮಂದಿ, ಸಾಮಾನು ತುಂಬಿಕೊಂಡು ಹುಮನಾಬಾದ್, ಬೀದರ್ ಕಡೆ ಹೈವೇ ಹಿಡಿಯುವವರಿಗೆ ಲೋಹದ ಚೂರು ಬೆರೆಸಿದ ಸೆಮಿ ಮೆಟಾಲಿಕ್ ಮೇಲು. ಬಿಸಿ ತಾಳುತ್ತದೆ, ಆದರೆ ಡಿಸ್ಕನ್ನು, ಅಂದರೆ ಪ್ಯಾಡ್ ಒತ್ತಿ ಹಿಡಿಯುವ ಲೋಹದ ಬಿಲ್ಲೆಯನ್ನು, ಹೆಚ್ಚು ತಿನ್ನುತ್ತದೆ. ಸೆರಾಮಿಕ್? ವೀಲಿಗೆ ಕರಿಪುಡಿ ಕಮ್ಮಿ ಮೆತ್ತುತ್ತದೆ ಅನ್ನೋದಕ್ಕೆ ಹಳೇ ಕಾರಿಗೆ ಅಷ್ಟು ದುಡ್ಡು ದಂಡ.

ಡಿಸ್ಕಿನ ಮೇಲೆ ಸಾಮಾನ್ಯವಾಗಿ ಕನಿಷ್ಠ ದಪ್ಪ ಕೆತ್ತಿರುತ್ತದೆ. ಮೈಕ್ರೋಮೀಟರಿನಿಂದ ಏಳೆಂಟು ಕಡೆ ಅಳೆಸಿ. ಲೇತಿನಲ್ಲಿ ಸವರಿದ ಮೇಲೂ ಆ ಅಳತೆಗಿಂತ ದಪ್ಪ ಉಳಿದರೆ ಹಳೆಯದೇ ನಡೆಯುತ್ತದೆ. ಉಳಿಯದಿದ್ದರೆ, ಬಿರುಕು ಬಿಟ್ಟಿದ್ದರೆ, ಎಡಬಲ ಎರಡೂ ಹೊಸದು ಹಾಕಿಸಿ. ಬ್ರೇಕ್ ಒತ್ತಿದಾಗ ಪೆಡಲ್ ನಡುಗುವುದು ಬಹುತೇಕ ಏರುಪೇರಾದ ಡಿಸ್ಕಿನಿಂದ, ಪ್ಯಾಡಷ್ಟೇ ಬದಲಿಸಿದರೆ ನಿಲ್ಲದು. ಒಳಗಿನ ಪ್ಯಾಡ್ ಮಾತ್ರ ಸವೆದಿದ್ದರೆ ಎರೆಮಣ್ಣಿನ ಧೂಳಿಗೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ಬಿಗಿದುಕೊಂಡಿರಬಹುದು. ಪಿನ್ ತೊಳೆಸಿ, ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿಸಿ.